ಉಯೆನೊ ಮೃಗಾಲಯ: ರಾಯಭಾರಿಗಿಂತ ಮೊದಲು ಬಂದ ಆನೆಯ ಅಂಗಳ

ಟೋಕಿಯೊದ ಉಯೆನೊ ಮೃಗಾಲಯವನ್ನು ಆವರಣಗಳ ವಿಸ್ತಾರದಿಂದಲೋ ಮರಗಳ ನೆರಳಿನಿಂದಲೋ ಅಳೆಯುವುದಾದರೆ ಅದಕ್ಕೆ ಮಧ್ಯಮ ದರ್ಜೆಯನ್ನಷ್ಟೇ ಕೊಡಬಹುದು. ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿ ಅರ್ಧ ದಿನ ಅಡ್ಡಾಡಿ ರೂಢಿಯಾದವರಿಗೆ ಇಲ್ಲಿನ ಸುಮಾರು 14 ಹೆಕ್ಟೇರ್ ಜಾಗ ಇಕ್ಕಟ್ಟೆನಿಸುವುದು ಸಹಜ. ಆದರೆ ಎರಡು ದೇಶಗಳ ನಡುವೆ ಸ್ನೇಹ ಹೇಗೆ ಬೆಳೆಯುತ್ತದೆ, ಅದರಲ್ಲಿ ರಾಯಭಾರಿಯ ಪಾಲೆಷ್ಟು, ಆ ರಾಯಭಾರಿಯನ್ನು ನೋಡಿಕೊಂಡವರ ಪಾಲೆಷ್ಟು ಎಂದು ನಿಂತು ಯೋಚಿಸಬೇಕೆನ್ನುವವರಿಗೆ ಇದಕ್ಕಿಂತ ತಕ್ಕ ಸ್ಥಳವನ್ನು ನಾನು ಕಂಡಿಲ್ಲ. ಟಿಕೆಟ್ಟು, ಸಮಯ, ಸೌಲಭ್ಯಗಳ ಬಗ್ಗೆ ಹೇಳಬೇಕಾದದ್ದನ್ನು ಹೇಳುತ್ತೇನೆ. ಹೆಚ್ಚಿನ ಮಾತು ಮಾತ್ರ ಆನೆಗಳ ಅಂಗಳದ ಸುತ್ತಲೇ ಇರುತ್ತದೆ. ಏಕೆಂದರೆ 1949ರಲ್ಲಿ ಮೈಸೂರು ಸೀಮೆಯಿಂದ ಹೊರಟ ಇಂದಿರಾ ಎಂಬ ಹೆಣ್ಣಾನೆ ಸಾಯುವವರೆಗೆ ಬಾಳಿದ್ದು ಈ ಮೃಗಾಲಯದಲ್ಲಿ.

ಮೊದಲು ವ್ಯವಹಾರದ ಸಂಗತಿ. ಉಯೆನೊ ರೈಲು ನಿಲ್ದಾಣದ ಉದ್ಯಾನದ ಕಡೆಯ ದ್ವಾರದಿಂದ ಹೊರಬಿದ್ದರೆ ಐದಾರು ನಿಮಿಷದ ನಡಿಗೆ. ಬೆಳಿಗ್ಗೆ 9.30ಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ 5ಕ್ಕೆ ಮುಚ್ಚುತ್ತದೆ, 4 ಗಂಟೆಯ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲ. ಸೋಮವಾರ ರಜೆ, ಸೋಮವಾರವೇ ಸಾರ್ವಜನಿಕ ರಜಾದಿನವಾಗಿದ್ದರೆ ಮೃಗಾಲಯದ ರಜೆ ಮರುದಿನಕ್ಕೆ ಹೋಗುತ್ತದೆ. ದೊಡ್ಡವರಿಗೆ 600 ಯೆನ್, 65 ದಾಟಿದವರಿಗೆ 300 ಯೆನ್, 12 ವರ್ಷದವರೆಗಿನ ಮಕ್ಕಳಿಗೆ ಶುಲ್ಕವಿಲ್ಲ. ಟೋಕಿಯೊದ ಖಾಸಗಿ ಮತ್ಸ್ಯಾಲಯಗಳ ಟಿಕೆಟ್ ದರ ನೋಡಿ ಬೆಚ್ಚಿದವರಿಗೆ ಇದು ಅಗ್ಗವೆನಿಸದೆ ಇರದು. ಮೃಗಾಲಯ ಶುರುವಾದದ್ದು 1882ರಲ್ಲಿ, ಅಂದರೆ ನಮ್ಮ ಮೈಸೂರಿನದಕ್ಕಿಂತ ಹತ್ತು ವರ್ಷ ಮೊದಲು. ಜಪಾನಿನ ಮೊದಲ ಮೃಗಾಲಯ ಇದೇ. ಪೂರ್ವ ಮತ್ತು ಪಶ್ಚಿಮವೆಂದು ಎರಡು ಭಾಗಗಳಿದ್ದು ನಡುವೆ ಸೇತುವೆ ಇದೆ. ಮೊದಲು ಅವೆರಡರ ನಡುವೆ ಓಡುತ್ತಿದ್ದ ಪುಟ್ಟ ಮಾನೊರೈಲು 2019ರಲ್ಲಿ ನಿಂತುಹೋಯಿತು. ಆದ್ದರಿಂದ ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರು ಪೂರ್ವ ಭಾಗವೊಂದನ್ನೇ ನಿಧಾನವಾಗಿ ನೋಡುವ ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು. ಆನೆಗಳಿರುವುದೂ 1639ರ ಐದು ಅಂತಸ್ತಿನ ಪಗೋಡ ಇರುವುದೂ ಪೂರ್ವ ಭಾಗದಲ್ಲಿಯೇ.

ಇಂದು ಆ ಅಂಗಳದಲ್ಲಿ ಕಾಣುವ ಆನೆಗಳಿಗೂ ರಾಜತಾಂತ್ರಿಕ ಹಿನ್ನೆಲೆಯಿದೆ. ಜಪಾನಿನ ರಾಜಕುಮಾರಿ ಐಕೊ ಹುಟ್ಟಿದ ಸಂತೋಷಕ್ಕೆಂದು ಥಾಯ್ಲೆಂಡ್ 2002ರಲ್ಲಿ ಉತಾಯ್ ಎಂಬ ಹೆಣ್ಣನ್ನೂ ಆತಿತ್ ಎಂಬ ಗಂಡನ್ನೂ ಕಳಿಸಿತು. ಆತಿತ್ 2020ರ ಆಗಸ್ಟಿನಲ್ಲಿ ತೀರಿಕೊಂಡ ಮೇಲೆ, ಅದೇ ವರ್ಷದ ಅಕ್ಟೋಬರ್ 31ರಂದು ಉತಾಯ್ ಅರುಣ್ ಎಂಬ ಗಂಡುಮರಿಗೆ ಜನ್ಮ ಕೊಟ್ಟಿತು. ನೂರಮೂವತ್ತೆಂಟು ವರ್ಷಗಳ ಇತಿಹಾಸದಲ್ಲಿ ಉಯೆನೊದಲ್ಲಿ ಹುಟ್ಟಿದ ಮೊದಲ ಆನೆಮರಿ ಅದು. ಮಕ್ಕಳೊಂದಿಗೆ ಹೋದವರಿಗೆ ಈ ಅಂಗಳವೊಂದೇ ಸಾಕು, ಉಳಿದದ್ದೆಲ್ಲ ಲಾಭ ಎಂದುಕೊಳ್ಳಬಹುದು. ಆದರೆ ಆನೆಮರಿಯ ತುಂಟಾಟ ನೋಡಿ ಮುಂದೆ ನಡೆದುಬಿಡುವ ಮುನ್ನ, ಹತ್ತಿರದಲ್ಲಿರುವ ಪ್ರಾಣಿಗಳ ಸ್ಮಾರಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇಲ್ಲಿಗೆ ಆನೆಗಳು ಉಡುಗೊರೆಯಾಗಿ ಬರತೊಡಗಿದ ಕಾರಣ ತಿಳಿಯುವುದು ಅಲ್ಲಿ.

1943ರ ಬೇಸಿಗೆಯಲ್ಲಿ, ಬಾಂಬು ಬಿದ್ದು ಬೋನುಗಳು ಒಡೆದರೆ ಕ್ರೂರ ಪ್ರಾಣಿಗಳು ಊರಿಗೆ ನುಗ್ಗಬಹುದೆಂಬ ಕಾರಣ ಕೊಟ್ಟು, ಅವುಗಳನ್ನು ಕೊಲ್ಲಬೇಕೆಂದು ಟೋಕಿಯೊದ ಗವರ್ನರ್ ಆದೇಶಿಸಿದರು. ಟೋಕಿಯೊದ ಮೇಲೆ ಭಾರಿ ಬಾಂಬು ದಾಳಿ ಆಗ ಇನ್ನೂ ಶುರುವಾಗಿರಲಿಲ್ಲ. ಯುದ್ಧದ ಬಿಸಿ ಜನರಿಗೆ ಮುಟ್ಟಲಿ ಎಂಬ ಉದ್ದೇಶವೂ ಆದೇಶದ ಹಿಂದಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಜಾನ್, ಟಾಂಕಿ, ವಾನ್ಲಿ ಎಂಬ ಮೂರು ಆನೆಗಳು ವಿಷ ಬೆರೆಸಿದ ಆಲೂಗಡ್ಡೆಯನ್ನು ಮುಟ್ಟಲಿಲ್ಲ, ಸೂಜಿ ಅವುಗಳ ಚರ್ಮದೊಳಗೆ ಇಳಿಯಲಿಲ್ಲ. ಕೊನೆಗೆ ಅವುಗಳಿಗೆ ಮೇವು ನೀರು ನಿಲ್ಲಿಸಲಾಯಿತು. ಒಂದು ಆನೆಯನ್ನು ಸೆಂದೈ ಮೃಗಾಲಯಕ್ಕೆ ಸಾಗಿಸಿ ಉಳಿಸಿಕೊಳ್ಳುವ ಯತ್ನಕ್ಕೂ ಮೇಲಿನವರು ಒಪ್ಪಲಿಲ್ಲ. ಸೆಪ್ಟೆಂಬರ್ 4ರಂದು ಸತ್ತ ಪ್ರಾಣಿಗಳಿಗಾಗಿ ಸಾರ್ವಜನಿಕ ಶ್ರಾದ್ಧಸಭೆ ನಡೆದಾಗ, ಮೂರರಲ್ಲಿ ಎರಡು ಆನೆಗಳು ಪರದೆಯ ಆಚೆ ಇನ್ನೂ ಉಸಿರಾಡುತ್ತಿದ್ದವು. ಮೃಗಾಲಯ ಎಂಬ ಸಂಸ್ಥೆಯ ಬಗ್ಗೆ ನನಗಿರುವ ಅನುಮಾನಗಳಿಗೆಲ್ಲ ಈ ಒಂದು ದಿನದ ವಿವರವೇ ಸಾಕು. ಆದರೂ ಇದನ್ನು ಮುಚ್ಚಿಡದೆ ತನ್ನ ಇತಿಹಾಸದ ಭಾಗವಾಗಿ ಹೇಳಿಕೊಂಡು ಬಂದಿರುವುದು ಈ ಮೃಗಾಲಯದ ದೊಡ್ಡ ಗುಣ.

ಯುದ್ಧ ಮುಗಿದಾಗ ಜಪಾನಿನಲ್ಲಿ ಬದುಕಿ ಉಳಿದಿದ್ದದ್ದು ಹೆಚ್ಚೆಂದರೆ ಬೆರಳೆಣಿಕೆಯ ಆನೆಗಳು. ನಗೊಯಾದ ಹಿಗಾಶಿಯಾಮ ಮೃಗಾಲಯದಲ್ಲಿ ಎರಡಿದ್ದವು, ಅವನ್ನು ನೋಡಲು ದೂರದೂರದ ಮಕ್ಕಳನ್ನು ವಿಶೇಷ ರೈಲುಗಳಲ್ಲಿ ಕರೆದೊಯ್ಯುತ್ತಿದ್ದರು. ಆ ಎರಡರಲ್ಲಿ ಒಂದನ್ನಾದರೂ ಕೊಡಿರೆಂದು ಟೋಕಿಯೊದ ಮಕ್ಕಳು ಕೇಳಿಕೊಂಡರು. ಅವೆರಡನ್ನು ಅಗಲಿಸಲು ಆಗದ ಕಾರಣ ಅದು ಕೈಗೂಡಲಿಲ್ಲ. ಆಗ ಮಕ್ಕಳು ಭಾರತದ ಪ್ರಧಾನಿಗೆ ಕಾಗದ ಬರೆದರು. ನೂರಾರು ಕಾಗದಗಳೂ ಚಿತ್ರಗಳೂ ಕಲ್ಕತ್ತೆಯ ಒಬ್ಬ ವ್ಯಾಪಾರಿಯ ಕೈಯಲ್ಲಿ ನೆಹರೂ ಅವರನ್ನು ತಲುಪಿದವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಕೋರಿಕೆ ಯಾವ ವಿದೇಶಾಂಗ ಖಾತೆಯ ಮೂಲಕವೂ ಹೋಗಲಿಲ್ಲ. ಹೋಗುವ ದಾರಿಯೂ ಆಗ ಸಲೀಸಾಗಿರಲಿಲ್ಲ. ಸೋತ ಜಪಾನು ಮಿತ್ರರಾಷ್ಟ್ರಗಳ ಸೇನಾಡಳಿತದಲ್ಲಿತ್ತು, ಬೇರೆ ದೇಶಗಳಿಗೆ ತನ್ನ ರಾಯಭಾರಿಗಳನ್ನು ಕಳಿಸುವ ಸ್ವಾತಂತ್ರ್ಯ ಅದಕ್ಕಿರಲಿಲ್ಲ. ಭಾರತದ ಪರವಾಗಿ ಟೋಕಿಯೊದಲ್ಲಿ ಇದ್ದದ್ದು ಆ ಸೇನಾಡಳಿತದೊಂದಿಗೆ ವ್ಯವಹರಿಸುವ ಸಂಪರ್ಕ ನಿಯೋಗ ಮಾತ್ರ. ಕನ್ನಡ ಕರಾವಳಿಯ ಬೆನೆಗಲ್ ಮನೆತನದ ಬೆನೆಗಲ್ ರಾಮರಾಯರು 1947ರಿಂದ 48ರವರೆಗೆ ಅದನ್ನು ನಡೆಸಿದ್ದರು. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾಯರ ತಮ್ಮನಾದ ಇವರು ಆಮೇಲೆ ಅಮೆರಿಕಕ್ಕೆ ರಾಯಭಾರಿಯಾಗಿ ಹೋಗಿ, ಅನಂತರ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು.

ನೆಹರೂ ಒಪ್ಪಿದರು. ಸುಮಾರು 15 ವರ್ಷದ, ಪಳಗಿದ ಹೆಣ್ಣಾನೆಯೊಂದನ್ನು ಮೈಸೂರು ಸೀಮೆಯಿಂದ ಆರಿಸಿ, ಅದಕ್ಕೆ ತಮ್ಮ ಮಗಳ ಹೆಸರಿಟ್ಟು ಹಡಗಿನಲ್ಲಿ ಕಳಿಸಿಕೊಟ್ಟರು. ಜೊತೆಗೆ ಬರೆದ ಓಲೆಯಲ್ಲಿ, ಇದು ತಮ್ಮ ಉಡುಗೊರೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಎಂದರು; ಆನೆಯ ಬುದ್ಧಿ, ತಾಳ್ಮೆ, ಬಲ ಮತ್ತು ಮೃದುತನ ನಮ್ಮಲ್ಲಿಯೂ ಬೆಳೆಯಲಿ ಎಂದು ಹಾರೈಸಿದರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಟೋಕಿಯೊದ ಶಿಬಾಉರಾ ಬಂದರಿನಲ್ಲಿ ಇಳಿದ ಇಂದಿರಾ ಅಲ್ಲಿಂದ ಉಯೆನೊವರೆಗೆ ಊರ ನಡುವೆ ನಡೆದೇ ಬಂದಿತು. ಅಕ್ಟೋಬರ್ 1ರಂದು ಅದನ್ನು ಒಪ್ಪಿಸುವ ಸಮಾರಂಭಕ್ಕೆ ಪ್ರಧಾನಿ ಯೊಶಿದಾ ಶಿಗೆರು ಅವರೇ ಬಂದಿದ್ದರು. ಆನೆಯೊಂದಿಗೆ ಹೋದ ಇಬ್ಬರು ಮಾವುತರು ಸುಮಾರು ಎರಡು ತಿಂಗಳು ಅಲ್ಲಿಯೇ ಉಳಿದು, ಉಯೆನೊದ ಪಾಲಕರಿಗೆ ಆನೆಯನ್ನು ಕೂರಿಸುವ, ಏಳಿಸುವ, ನಡೆಸುವ ಆಜ್ಞೆಗಳನ್ನು ಕಲಿಸಿದರು. ಅವು ಕನ್ನಡದ ಆಜ್ಞೆಗಳೆಂದೂ ಜಪಾನೀ ಪಾಲಕರು ಅಷ್ಟರಮಟ್ಟಿಗೆ ಕನ್ನಡ ಕಲಿಯಬೇಕಾಯಿತೆಂದೂ ಇಂದಿರಾಳ ಕಥೆ ಹೇಳುವವರು ತಪ್ಪದೆ ಹೇಳುತ್ತಾರೆ.

ಈ ಘಟನೆಯ ತೂಕ ತಿಳಿಯಬೇಕಾದರೆ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಆನೆ ಬಂದದ್ದು 1949ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಆಹ್ವಾನವೇ ಸಿಗದಿದ್ದ ಜಪಾನಿಗೆ 1951ರ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಜಾಗ ಸಿಕ್ಕಿತು. ಅದೇ ವರ್ಷದ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಸಮ್ಮೇಳನಕ್ಕೆ ಭಾರತ ಹೋಗಲಿಲ್ಲ. ಬದಲಿಗೆ ಜಪಾನಿನೊಂದಿಗೆ ಬೇರೆಯೇ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿತು. ಟೋಕಿಯೊದಲ್ಲಿ 1952ರ ಜೂನ್ 9ರಂದು ಅದಕ್ಕೆ ಸಹಿ ಬಿತ್ತು. ಪೂರ್ಣ ಪ್ರಮಾಣದ ರಾಯಭಾರ ಸಂಬಂಧ ಏರ್ಪಟ್ಟದ್ದೂ ಆ ವರ್ಷವೇ. ಅಂದರೆ ಅಧಿಕೃತ ರಾಯಭಾರಿ ತನ್ನ ಪತ್ರಗಳನ್ನು ಹಿಡಿದು ಟೋಕಿಯೊದ ಅರಮನೆಯ ಬಾಗಿಲಿಗೆ ಹೋಗುವ ಹೊತ್ತಿಗೆ, ಭಾರತವೆಂದರೆ ಏನೆಂದು ಟೋಕಿಯೊದ ಮಕ್ಕಳಿಗೆ ಮೂರು ವರ್ಷದಿಂದ ಗೊತ್ತಿತ್ತು. 1961ರ ವಿಯೆನ್ನಾ ಒಡಂಬಡಿಕೆ ರಾಯಭಾರ ಕಚೇರಿಯ ಕೆಲಸಗಳನ್ನು ಎಣಿಸುವಾಗ, ತನ್ನ ದೇಶವನ್ನು ಪ್ರತಿನಿಧಿಸುವುದರಿಂದ ತೊಡಗಿ, ನಾಗರಿಕರ ಹಿತ ಕಾಯುವುದು, ಮಾತುಕತೆ ನಡೆಸುವುದು, ಕಂಡದ್ದನ್ನು ವರದಿ ಮಾಡುವುದು ಎಂದೆಲ್ಲ ಹೇಳಿ, ಸ್ನೇಹ ಸಂಬಂಧ ಬೆಳೆಸುವುದನ್ನು ಕೊನೆಯಲ್ಲಿ ಇಟ್ಟಿದೆ. ಇಂದಿರಾ ಮಾಡಿದ್ದು ಮೊದಲನೆಯದನ್ನು ಮತ್ತು ಕೊನೆಯದನ್ನು. ನಡುವಿನ ಮೂರು ಕೆಲಸಗಳಿಗೆ ಹೇಗಿದ್ದರೂ ಮನುಷ್ಯರು ಬೇಕು. ಈ ಹೋಲಿಕೆಯನ್ನು ಇನ್ನೂ ಎಳೆದರೆ ಹಾಸ್ಯವಾಗುತ್ತದೆ. ಆದರೂ ಒಪ್ಪಂದಕ್ಕೆ ಸಹಿ ಹಾಕುವವರಿಗೆ ಜನರ ಒಲವು ಮೊದಲೇ ಸಿದ್ಧವಿದ್ದರೆ ಕೆಲಸ ಎಷ್ಟು ಹಗುರವಾಗುತ್ತದೆ ಎಂಬುದನ್ನು ರಾಜತಾಂತ್ರಿಕ ಸೇವೆಯಲ್ಲಿ ಇದ್ದವರಾರೂ ಅಲ್ಲಗಳೆಯಲಾರರು.

ಇಂದಿರಾ ಉಯೆನೊದಲ್ಲಿ ಸುಮ್ಮನೆ ನಿಂತಿರಲಿಲ್ಲ. 1950ರಲ್ಲಿ ಸಂಚಾರಿ ಮೃಗಾಲಯವೊಂದರ ಜೊತೆ ಉತ್ತರದ ಹೊಕ್ಕೈಡೊವರೆಗೆ ಊರೂರು ತಿರುಗಿತು. 1957ರ ಅಕ್ಟೋಬರಿನಲ್ಲಿ ಜಪಾನಿಗೆ ಬಂದ ನೆಹರೂ, ಮಗಳನ್ನು ಕೊಟ್ಟ ಮನೆಗೆ ಯೋಗಕ್ಷೇಮ ವಿಚಾರಿಸಲು ಹೋಗುವ ಹಿರಿಯರಂತೆ, ತಮ್ಮ ಸ್ವಂತ ಮಗಳು ಇಂದಿರಾರನ್ನು ಕರೆದುಕೊಂಡು ಆನೆ ಇಂದಿರಾಳನ್ನು ನೋಡಲು ಉಯೆನೊಗೆ ಹೋದರು. ಇವೆಲ್ಲ ಪತ್ರಿಕೆಯ ಛಾಯಾಚಿತ್ರಗಳಾಗಿ ಉಳಿಯುವ ಸಂದರ್ಭಗಳು. ನನ್ನ ಲೆಕ್ಕದಲ್ಲಿ ಇವಕ್ಕಿಂತ ಮುಖ್ಯವಾದದ್ದು 1967ರ ಒಂದು ಪ್ರಸಂಗ. ಜೊತೆಯ ಇನ್ನೊಂದು ಆನೆಯೊಂದಿಗೆ ಜಗಳವಾಗಿ ಇಂದಿರಾ ಆವರಣದಿಂದ ಹೊರಬಿದ್ದಿತು. ಸುತ್ತ ನೆರೆದ ಯಾರ ಮಾತನ್ನೂ ಅದು ಕೇಳಲಿಲ್ಲ. ಮೊದಲ ದಿನದಿಂದ ಅದನ್ನು ಸಾಕಿದ್ದ, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹಳೆಯ ಪಾಲಕರನ್ನು ಕರೆಸಬೇಕಾಯಿತು. ಅವರು ಬಂದು ಕರೆದಾಗ ಅದು ಅವರ ಹಿಂದೆ ನಡೆದು ಒಳಗೆ ಹೋಯಿತು. ಆ ಪಾಲಕರು ಬಳಿಕ ಹೆಚ್ಚು ದಿನ ಬದುಕಲಿಲ್ಲ. ಭಾರತದ ಪ್ರಧಾನಿ ಕಳಿಸಿದ ಉಡುಗೊರೆ, ಜಪಾನಿನ ಪ್ರಧಾನಿ ಸ್ವೀಕರಿಸಿದ ಉಡುಗೊರೆ ಎಂದು ನಾವು ಹೇಳುತ್ತೇವೆ. ಆದರೆ ಆ ಸಂಬಂಧವನ್ನು ಹದಿನೆಂಟು ವರ್ಷ ದಿನವೂ ಮೇವು ಹಾಕಿ, ಮೈತೊಳೆದು ಉಳಿಸಿದ್ದು ಖಾಕಿ ಉಡುಪಿನ ಒಬ್ಬ ನೌಕರ. ಅಂಥವರಿಲ್ಲದೆ ಹೋಗಿದ್ದರೆ ಸಮಾರಂಭದ ಭಾಷಣಗಳು ಅಂದೇ ಮುಗಿದುಹೋಗುತ್ತಿದ್ದವು. ಇಂದಿರಾ 1983ರ ಆಗಸ್ಟ್ 11ರಂದು ಸತ್ತಿತು. ಮರುವರ್ಷ ಭಾರತ ಮತ್ತೆರಡು ಆನೆಗಳನ್ನು ಕಳಿಸಿಕೊಟ್ಟಿತು.

ಇದರ ಪಕ್ಕದಲ್ಲಿ ಉಯೆನೊದ ಇನ್ನೊಂದು ಪ್ರಸಿದ್ಧ ಆಕರ್ಷಣೆಯಾದ ಪಾಂಡಾಗಳನ್ನು ಇಟ್ಟು ನೋಡಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಚೀನಾ ಮತ್ತು ಜಪಾನು ಸಂಬಂಧವನ್ನು ಮತ್ತೆ ಕೂಡಿಸಿಕೊಂಡದ್ದು 1972ರ ಸೆಪ್ಟೆಂಬರಿನಲ್ಲಿ. ಮುಂದಿನ ತಿಂಗಳೇ ಕಾಂಗ್‌ಕಾಂಗ್ ಮತ್ತು ಲಾನ್‌ಲಾನ್ ಎಂಬ ಪಾಂಡಾ ಜೋಡಿ ಉಯೆನೊಗೆ ಬಂದಿಳಿದು, ಜನ ಮೈಲುದ್ದ ಸಾಲು ನಿಂತರು. ಅವು ಉಡುಗೊರೆಯಾಗಿ ಬಂದವು. ಆದರೆ 1980ರ ದಶಕದಿಂದ ಚೀನಾ ಪಾಂಡಾಗಳನ್ನು ಕೊಡುವುದನ್ನು ನಿಲ್ಲಿಸಿ ಅವಧಿ ಗೊತ್ತುಪಡಿಸಿದ ಕರಾರಿನ ಮೇಲೆ ಕಳಿಸತೊಡಗಿತು. 2011ರಲ್ಲಿ ಉಯೆನೊಗೆ ಬಂದ ಜೋಡಿಗೆ ವರ್ಷಕ್ಕೆ ಸುಮಾರು 9.5 ಲಕ್ಷ ಡಾಲರ್ ಶುಲ್ಕವಿತ್ತು, ಇಲ್ಲಿ ಹುಟ್ಟಿದ ಮರಿಗಳೂ ಚೀನಾಕ್ಕೆ ಸೇರಿದವೇ ಆಗಿದ್ದವು. 2017ರಲ್ಲಿ ಹುಟ್ಟಿದ ಶಾನ್‌ಶಾನ್ 2023ರಲ್ಲಿಯೂ, ಅದರ ತಂದೆ ತಾಯಿ 2024ರಲ್ಲಿಯೂ, ಕೊನೆಗೆ 2021ರ ಅವಳಿಗಳು 2026ರ ಆರಂಭದಲ್ಲಿಯೂ ಹಿಂದಿರುಗಿದವು. ಪಾಂಡಾ ನೋಡಲೆಂದೇ ಉಯೆನೊಗೆ ಹೋಗಬೇಕೆಂದಿರುವವರು ಈ ಸಂಗತಿಯನ್ನು ಮೊದಲೇ ತಿಳಿದುಕೊಂಡಿರಬೇಕು. ಕರಾರಿನ ಪದ್ಧತಿಯನ್ನು ನಾನು ಪೂರ್ತಿ ಹಳಿಯುವುದಿಲ್ಲ. ಅದರ ಹಣ ಸಂರಕ್ಷಣೆಗೆ ಮೀಸಲೆಂಬ ಷರತ್ತಿದೆ, ವಂಶವೃದ್ಧಿಯ ಶಾಸ್ತ್ರವೂ ಅದರಿಂದ ಮುಂದುವರಿದಿದೆ. ಆದರೆ ಸಂಬಂಧ ಕೆಟ್ಟಾಗ ಹಿಂದಕ್ಕೆ ಕರೆಸಿಕೊಳ್ಳಬಹುದಾದ ರಾಯಭಾರಿಗೂ ಕೊಟ್ಟ ಮೇಲೆ ಮರಳಿ ಕೇಳಲಾಗದ ರಾಯಭಾರಿಗೂ ಜನರ ಮನಸ್ಸಿನಲ್ಲಿ ಒಂದೇ ಸ್ಥಾನ ಸಿಗುವುದಿಲ್ಲ. ಇಂದಿರಾ ಎರಡನೆಯ ಬಗೆಯದು.

ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದು ಹೇಳುವುದು ಸರಿಯಲ್ಲ. ಮನುಷ್ಯ ರಾಯಭಾರಿ ಬೇಡವೆನಿಸಿದರೆ ರಾಜೀನಾಮೆ ಕೊಡಬಹುದು, ಮೂರು ವರ್ಷವಾದ ಮೇಲೆ ವರ್ಗಾವಣೆ ಪಡೆಯಬಹುದು. ಆನೆಗೆ ಎರಡೂ ಇಲ್ಲ. ಇಂದಿರಾ ಬಂದ ತಿಂಗಳಲ್ಲೇ ಥಾಯ್ಲೆಂಡಿನಿಂದ ಬಂದ ಹನಕೊ ಎಂಬ ಮರಿಯಾನೆಯನ್ನು 1954ರಲ್ಲಿ ಟೋಕಿಯೊದ ಇನ್ನೊಂದು ಮೃಗಾಲಯವಾದ ಇನೊಕಶಿರಾಕ್ಕೆ ಸಾಗಿಸಲಾಯಿತು. ಅಲ್ಲಿ ಅದು ದಶಕಗಳ ಕಾಲ ಒಂಟಿಯಾಗಿ, ಕಾಂಕ್ರೀಟಿನ ನೆಲದ ಮೇಲೆ ಕಳೆದು, 2016ರಲ್ಲಿ 69ರ ವಯಸ್ಸಿನಲ್ಲಿ ಸತ್ತಿತು. ಸಾಯುವ ಮುನ್ನ ಅದರ ಸ್ಥಿತಿಯ ಬಗ್ಗೆ ಪ್ರಪಂಚದ ಹಲವೆಡೆಗಳಿಂದ ಆಕ್ಷೇಪದ ಸಹಿಗಳು ಬಂದಿದ್ದವು. ಹಿಂಡಿನಲ್ಲಿ ಬದುಕುವ ಪ್ರಾಣಿಯನ್ನು ಸ್ನೇಹದ ಹೆಸರಿನಲ್ಲಿ ಹಿಂಡಿನಿಂದ ಬೇರ್ಪಡಿಸುವುದು ಎಷ್ಟರಮಟ್ಟಿಗೆ ಸ್ನೇಹ ಎಂದು ನಾಗರಹೊಳೆಯ ಕಾಡಂಚಿನಲ್ಲಿ ತಾಯಿ, ಅಜ್ಜಿ, ಮರಿಗಳೊಂದಿಗೆ ಹಿಂಡು ದಾಟುವುದನ್ನು ನೋಡಿದ ಯಾವ ಕನ್ನಡಿಗನಾದರೂ ಕೇಳದೆ ಇರಲಾರ. ಉಯೆನೊದಲ್ಲಿ ಈಗ ತಾಯಿ ಮತ್ತು ಮರಿ ಇರುವುದು ಸಮಾಧಾನದ ಸಂಗತಿಯಾದರೂ, ನಗರದ ನಡುವಿನ ಸೀಮಿತ ಜಾಗ ಅದೇ ಜಾಗ. ಮೃಗಾಲಯಕ್ಕೆ ನಾನು ಪೂರ್ತಿ ಅಂಕ ಕೊಡದಿರಲು ಕಾರಣ ಇದೇ.

ಈ ಪ್ರಶ್ನೆ ಹಳೆಯ ಕಾಲದ್ದಷ್ಟೇ ಅಲ್ಲ. ಮೈಸೂರು ಮೃಗಾಲಯದಿಂದ 2021ರಲ್ಲಿ ಮೂರು ಆನೆಗಳು ಜಪಾನಿನ ಟೊಯೊಹಾಶಿಗೆ ಹೋದವು. 2025ರ ಜುಲೈನಲ್ಲಿ ಬನ್ನೇರುಘಟ್ಟದ ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳು ಬೆಂಗಳೂರಿನಿಂದ ಸರಕು ವಿಮಾನದಲ್ಲಿ ಒಸಾಕಾ ಮುಟ್ಟಿ, ಅಲ್ಲಿಂದ ಹಿಮೆಜಿಯ ಸಫಾರಿ ಉದ್ಯಾನಕ್ಕೆ ಸೇರಿದವು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿಗಳನ್ನು ಕೊಡುವ ಒಪ್ಪಂದವಾಗಿತ್ತು. ಇದು ಉಡುಗೊರೆಯೂ ಅಲ್ಲ, ಬಾಡಿಗೆಯೂ ಅಲ್ಲ, ವಿನಿಮಯ. ತೂಗಿ ಕೊಟ್ಟು ತೂಗಿ ತೆಗೆದುಕೊಳ್ಳುವ ಈ ಏರ್ಪಾಟಿನಲ್ಲಿ 1949ರ ಓಲೆಯ ಬಿಸುಪು ಇಲ್ಲವೆನ್ನುವುದು ನಿಜ. ಆದರೆ ಕೆಲವು ವಿಷಯಗಳಲ್ಲಿ ಇದು ಹಿಂದಿನದಕ್ಕಿಂತ ಮೇಲು. ಒಂಟಿ ಆನೆಯ ಬದಲು ನಾಲ್ಕು ಎಳೆಯ ಆನೆಗಳು ಒಟ್ಟಿಗೆ ಹೋದವು. ಪೆಟ್ಟಿಗೆಯೊಳಗೆ ನಿಲ್ಲುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಲಾಗಿತ್ತು. ಹಿಮೆಜಿಯ ಸಿಬ್ಬಂದಿ ಮೊದಲೇ ಬನ್ನೇರುಘಟ್ಟಕ್ಕೆ ಬಂದು ಆನೆಗಳ ರೂಢಿಯನ್ನು ತಿಳಿದುಕೊಂಡಿದ್ದರು. ಮಾವುತರು, ಪಶುವೈದ್ಯರು ಜೊತೆಗೆ ಹೋಗಿ ಎರಡು ವಾರ ಉಳಿದರು. ಮಾವುತ ಜೊತೆಗೆ ಹೋಗಬೇಕು, ಅಲ್ಲಿಯವನಿಗೆ ಕೈಹಿಡಿದು ಕಲಿಸಿ ಬರಬೇಕು ಎಂಬ ಕ್ರಮ ಮಾತ್ರ ಎಪ್ಪತ್ತಾರು ವರ್ಷಗಳಲ್ಲಿ ಬದಲಾಗಿಲ್ಲ. ಹಾಗಿದ್ದೂ ಇಂಥ ಸುದ್ದಿಗಳಲ್ಲಿ ಆನೆಗಳ ಹೆಸರು ಅಚ್ಚಾಗುತ್ತದೆ, ಮಂತ್ರಿಗಳ ಹೆಸರು ಅಚ್ಚಾಗುತ್ತದೆ, ಮಾವುತರದ್ದು ಅಪರೂಪ.

ಹೋಗುವವರಿಗೆ ಕೆಲವು ಮಾತು. ವಾರದ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೇರವಾಗಿ ಆನೆಗಳ ಕಡೆ ನಡೆಯಿರಿ. ಶಾಲಾಮಕ್ಕಳ ಸಾಲುಗಳು ಬರುವ ಮೊದಲು ಅಂಗಳ ಪ್ರಶಾಂತವಾಗಿರುತ್ತದೆ. ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರದಲ್ಲಿ ಚೆರ್ರಿ ಹೂವಿಗಾಗಿ ಇಡೀ ಊರೇ ಉಯೆನೊ ಉದ್ಯಾನಕ್ಕೆ ಬಂದಿರುತ್ತದೆ, ಆಗ ಮೃಗಾಲಯವನ್ನು ಬಿಟ್ಟುಬಿಡುವುದೇ ಮೇಲು. ಜುಲೈ, ಆಗಸ್ಟಿನ ಸೆಕೆ ಮಂಗಳೂರಿನವರನ್ನೂ ಸುಸ್ತುಮಾಡುವಂಥದ್ದು. ಶುದ್ಧ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗಬೇಕು, ಏಕೆಂದರೆ ಜಪಾನಿನಲ್ಲಿ ತರಕಾರಿಯದೆಂದು ಕಾಣುವ ಸಾರಿನಲ್ಲಿಯೂ ಮೀನಿನ ರಸ ಇರುವುದು ಸಾಮಾನ್ಯ. ಇಲ್ಲವಾದರೆ ಒಂದೇ ನಿಲ್ದಾಣ ದೂರದ ಒಕಾಚಿಮಾಚಿಯವರೆಗೆ ಹಸಿವು ತಡೆದುಕೊಳ್ಳಬೇಕು. ಭಾರತದ ರತ್ನವ್ಯಾಪಾರಿಗಳು ನೆಲೆಸಿರುವ ಆ ಬೀದಿಗಳಲ್ಲಿ ನಮ್ಮ ಊಟದ ಹೋಟೆಲುಗಳಿವೆ. ಟೋಕಿಯೊದಲ್ಲಿಯೇ ಕೆಲಸದ ಮೇಲೆ ನೆಲೆಸಿರುವ, ಚಿಕ್ಕ ಮಕ್ಕಳಿರುವ ಕನ್ನಡದ ಮನೆಗಳಿಗಾದರೆ 2,400 ಯೆನ್ನಿನ ವಾರ್ಷಿಕ ಪಾಸ್ ಲಾಭದ್ದು; ಐದನೆಯ ಭೇಟಿಯಿಂದ ಅದು ಉಚಿತವಾದಂತೆಯೇ. ಅರುಣ್ ದೊಡ್ಡದಾಗುವುದನ್ನು ಮಕ್ಕಳು ವರ್ಷವಿಡೀ ನೋಡುತ್ತಿರಬಹುದು, ಇಂದಿರಾಳ ಕಥೆಯನ್ನು ಅಂಗಳದ ಮುಂದೆ ನಿಂತು ಹೇಳುವ ಕೆಲಸ ಮಾತ್ರ ದೊಡ್ಡವರದು.